ಒಬ್ಬರೇ ಇದ್ದಾಗ ಹೃದಯಾಘಾತವಾದರೆ?

ಪ್ರಶ್ನೆ: ನನಗೆ 58 ವರ್ಷ, ಮನೆಯಲ್ಲಿ ಒಬ್ಬನೇ ಇರುತ್ತೇನೆ. ಹೃದಯಾಘಾತವಾದಾಗ ಜೋರಾಗಿ ಕೆಮ್ಮುತ್ತಿದ್ದರೆ ಜೀವ ಉಳಿಯುತ್ತದೆ ಎಂಬ ಸಂದೇಶ ಮೊಬೈಲಿಗೆ ಬಂದಿದೆ. ನಿಜವೇ?

ಉತ್ತರ: ದಯವಿಟ್ಟು ನಂಬಬೇಡಿ, ಬೇರೆಯವರಿಗೆ ಕಳಿಸಲೂ ಬೇಡಿ. ಹೃದಯದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚಿರುತ್ತದೆ; ಕೆಮ್ಮಿದರೆ ಅದು ತೆರೆಯುವುದಿಲ್ಲ, ಸಮಯ ಮಾತ್ರ ಹಾಳು.

ಎದೆಯ ನಡುವೆ ಹಿಂಡಿದಂತೆ ಒತ್ತಡ, ಅದು ತೋಳಿಗೋ ದವಡೆಗೋ ಬೆನ್ನಿಗೋ ಹರಡುವುದು, ತಣ್ಣನೆಯ ಬೆವರು, ಏದುಸಿರು ಕಂಡರೆ ಗ್ಯಾಸ್ಟ್ರಿಕ್ ಎಂದುಕೊಂಡು ಕಾಯಬೇಡಿ. ಸಕ್ಕರೆ ಕಾಯಿಲೆಯವರಿಗೆ ನೋವೇ ಇಲ್ಲದೆಯೂ ಆಗಬಹುದು.

ಮೊದಲು ಆಂಬ್ಯುಲೆನ್ಸಿಗೆ ಫೋನ್ ಮಾಡಿ. ಸ್ಪೀಕರ್ ಹಾಕಿ ಮಾತಾಡುತ್ತಲೇ ಮುಂಬಾಗಿಲ ಚಿಲಕ ತೆಗೆದು, ಹತ್ತಿರದಲ್ಲೇ ನೆಲದ ಮೇಲೆ ಗೋಡೆಗೊರಗಿ, ಮಂಡಿ ಮಡಚಿ ಕುಳಿತುಕೊಳ್ಳಿ. ಬಾಗಿಲು ಒಳಕ್ಕೆ ತೆರೆಯುವುದಾದರೆ ಅದಕ್ಕೆ ಅಡ್ಡವಾಗಿ ಕೂರಬೇಡಿ. ಪ್ರಜ್ಞೆ ತಪ್ಪಿದರೆ ಬಂದವರು ಒಳಗೆ ಬರಲಾಗದು. ನೀವೇ ಗಾಡಿ ಓಡಿಸಿಕೊಂಡು ಹೋಗುವುದಂತೂ ಬೇಡವೇ ಬೇಡ.

ಫೋನ್ ಆದ ಮೇಲೆ, ಆಸ್ಪಿರಿನ್ ಕೈಗೆಟಕುವಂತಿದ್ದರೆ 300 ಮಿ.ಗ್ರಾಂ. (75ರದ್ದಾದರೆ 4 ಮಾತ್ರೆ) ಚೆನ್ನಾಗಿ ಅಗಿದು ನುಂಗಿ. ಇಡಿಯಾಗಿ ನುಂಗಿದರೆ ರಕ್ತಕ್ಕೆ ಸೇರುವುದು ತಡ. ಅಲರ್ಜಿ ಅಥವಾ ರಕ್ತಸ್ರಾವದ ತೊಂದರೆ ಇದ್ದವರು ತೆಗೆದುಕೊಳ್ಳಬಾರದು. ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿರುವವರು ಫೋನಿನಲ್ಲಿರುವವರನ್ನು ಕೇಳಿಯೇ ತೆಗೆದುಕೊಳ್ಳಬೇಕು. ನಾಲಿಗೆಯಡಿ ಇಡುವ ನೈಟ್ರೇಟ್ ಮಾತ್ರೆ, ವೈದ್ಯರು ನಿಮಗೇ ಬರೆದುಕೊಟ್ಟಿದ್ದರೆ ಮಾತ್ರ, ಅದೂ ಕುಳಿತುಕೊಂಡೇ. ಅದು ರಕ್ತದೊತ್ತಡವನ್ನು ಥಟ್ಟನೆ ಇಳಿಸುತ್ತದೆ.

ಒಬ್ಬರೇ ಇರುವ ನೀವು ಆಸ್ಪಿರಿನ್ ನಿಮಗೆ ಆಗುತ್ತದೆಯೇ ಎಂದು ವೈದ್ಯರನ್ನು ಈಗಲೇ ಕೇಳಿಟ್ಟುಕೊಳ್ಳಿ, ಬೀಗದ ಕೈ ಒಂದನ್ನು ಪಕ್ಕದ ಮನೆಯವರಿಗೆ ಕೊಟ್ಟಿರಿ.