ನನ್ನ ಪಕ್ಕ ಯಾರು ಕೂತ್ಕೋತಾರೆ?

(ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ.)

ಮಗಳನ್ನು ಹೊಸ ಶಾಲೆಗೆ ಸೇರಿಸುವ ಬಗ್ಗೆ ನನ್ನ ಸಲಹೆ ಕೇಳಲು ಬಂದ ತಾಯಿ ನಾಲ್ಕು ಮಡಿಕೆ ಮಾಡಿದ್ದ ಹಾಳೆಯೊಂದನ್ನು ಮೇಜಿನ ಮೇಲೆ ಬಿಚ್ಚಿಟ್ಟರು. ವಿಶೇಷ ಮಕ್ಕಳ ಪುಟ್ಟ ಹೈಸ್ಕೂಲೊಂದರ ದಾಖಲಾತಿ ಲೆಕ್ಕ. ಒಟ್ಟು 40 ಮಕ್ಕಳು. ಹುಡುಗರು 31, ಹುಡುಗಿಯರು 9. ಆ 9ರ ಸುತ್ತ ಪೆನ್ನಿನಿಂದ ತಿದ್ದಿ ತಿದ್ದಿ ಹಾಳೆ ತೂತಾಗುವುದೊಂದು ಬಾಕಿ.

"ಮೇಡಂ, ಇವಳು ಸೇರಬೇಕಾದ ತರಗತಿಯಲ್ಲಿ 7 ಜನ ಹುಡುಗರು. ಇವಳೊಬ್ಬಳೇ ಹುಡುಗಿ. ಹೋದ ವರ್ಷ 46 ಮಕ್ಕಳಿದ್ದರಂತೆ. ಶಾಲೆಯಲ್ಲೇ ಏನೋ ಸರಿಯಿಲ್ಲ ಅಲ್ವಾ?"

ಮಗಳಿಗೆ 14 ವರ್ಷ. ಕಡಿಮೆ ಪ್ರಮಾಣದ ಬೌದ್ಧಿಕ ಅಂಗವೈಕಲ್ಯ ಇದೆ. ಈಗಿನ ದೊಡ್ಡ ಶಾಲೆಯಲ್ಲಿ ಪಾಠ ಅವಳ ಕೈಗೆ ಸಿಗದೆ ಎಷ್ಟೋ ದಿನಗಳಾಗಿವೆ.

ಮೊದಲು ಲೆಕ್ಕದ ಮಾತಾಡಿದೆವು. ವಿಶೇಷ ಶಾಲೆಗಳಲ್ಲಿ ಹುಡುಗರು ಜಾಸ್ತಿ ಇರುವುದು ಹೊಸದಲ್ಲ. ಬೇರೆಯವರೊಡನೆ ಬೆರೆಯುವುದು, ಮಾತಾಡುವುದು ಕಷ್ಟವಾಗುವ ಆಟಿಸಂ ಒಂದನ್ನೇ ತೆಗೆದುಕೊಂಡರೂ ಹುಡುಗಿಯರಿಗಿಂತ ಹುಡುಗರಲ್ಲಿ ಸುಮಾರು 3ರಿಂದ 4 ಪಟ್ಟು ಹೆಚ್ಚಾಗಿ ಗುರುತಿಸುತ್ತಾರೆ. ಸುಮ್ನೆ ಕೂತಿರುವ, ಬೇರೆಯವರನ್ನು ನೋಡಿ ನಕಲು ಮಾಡಿ ದಿನ ತಳ್ಳುವ ಹುಡುಗಿಯರು ಎಷ್ಟೋ ಸಲ ಯಾರ ಕಣ್ಣಿಗೂ ಬೀಳುವುದಿಲ್ಲ. ನನ್ನನ್ನು ಬಹಳ ಕಾಡುವ ವಿಷಯ ಇದು.

ಇನ್ನು 46 ಹೋಗಿ 40 ಆದದ್ದು. ಇಷ್ಟು ಚಿಕ್ಕ ಶಾಲೆಯಲ್ಲಿ ಒಂದು ಮಗು ಬಿಟ್ಟರೂ ಶೇಕಡಾ 2ಕ್ಕಿಂತ ಹೆಚ್ಚು ಇಳಿದ ಹಾಗೆ. ಕೊನೆಯ ತರಗತಿಯ ಆರು ಜನ ಓದು ಮುಗಿಸಿ ಹೋಗಿರಬಹುದು, ಆರು ಜನ ಬೇಸತ್ತು ಬಿಟ್ಟಿರಲೂಬಹುದು. ಹಾಳೆಯಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಹಾಗಾಗಿ ಶಾಲೆಯವರನ್ನು ನೇರವಾಗಿ ಕೇಳಿ ಎಂದೆ: ಯಾರು ಹೋದರು, ಯಾಕೆ ಹೋದರು, ಈಗ ಎಲ್ಲಿದ್ದಾರೆ?

ಅಷ್ಟು ಹೊತ್ತೂ ಹುಡುಗಿ ಬ್ಯಾಗಿನ ಜಿಪ್ಪನ್ನು ಎಳೆಯುತ್ತಾ, ಮುಚ್ಚುತ್ತಾ ಕೂತಿದ್ದಳು. ನಿನಗೇನು ಅನ್ನಿಸುತ್ತೆ ಪುಟ್ಟಿ ಎಂದು ಕೇಳಿದೆ. ಜಿಪ್ ನಿಂತಿತು.

"ಅಲ್ಲಿ ಊಟಕ್ಕೆ ನನ್ನ ಪಕ್ಕ ಯಾರು ಕೂತ್ಕೋತಾರೆ?"

ತಾಯಿಯ ಕಣ್ಣು ತುಂಬಿತು. ನೂರಾರು ಮಕ್ಕಳ ಶಾಲೆಯಲ್ಲಿ ಮಗಳು ಒಬ್ಬಳೇ ಊಟ ಮಾಡುತ್ತಿದ್ದಾಳೆ ಎಂಬುದು ಅವರಿಗೆ ಗೊತ್ತೇ ಇರಲಿಲ್ಲ.

ಆಮೇಲೆ ನಾನು ಕೊಟ್ಟ ಸಲಹೆ ಇಷ್ಟು. ಸೇರಿಸುವ ಮೊದಲು ಮೂರು ದಿನ ಅವಳು ಅಲ್ಲಿ ಕೂತು ನೋಡಲಿ. ತರಗತಿಯನ್ನು ವಯಸ್ಸು ನೋಡಿ ಮಾಡಿದ್ದಾರಾ, ಕಲಿಕೆಯ ಮಟ್ಟ ನೋಡಿಯಾ ಎಂದು ಕೇಳಿ. ಆ 9 ಹುಡುಗಿಯರು ದಿನದಲ್ಲಿ ಯಾವಾಗ ಒಟ್ಟಿಗೆ ಸೇರುತ್ತಾರೆ, ಮುಟ್ಟಿನ ದಿನಗಳಲ್ಲಿ ನೆರವಿಗೆ ಮಹಿಳಾ ಸಿಬ್ಬಂದಿ ಇದ್ದಾರಾ, ಇದನ್ನು ಸಂಕೋಚವಿಲ್ಲದೆ ಕೇಳಿ. ಮುಂದೆ ಸಾಮಾನ್ಯ ಶಾಲೆಗೆ ಮರಳುವ ದಾರಿ ತೆರೆದಿರುತ್ತದಾ ಎಂಬುದೂ ಮುಖ್ಯ. ಎಲ್ಲ ಮಕ್ಕಳ ಜೊತೆ ಕಲಿಯುವುದು ಅವಳ ಹಕ್ಕು. ವಿಶ್ವಸಂಸ್ಥೆಯ 2006ರ ಅಂಗವಿಕಲರ ಹಕ್ಕುಗಳ ಒಪ್ಪಂದ ಅದನ್ನು ಒಪ್ಪಿದೆ. ಈಗಿನ ಶಾಲೆ ಆ ಹಕ್ಕಿಗೆ ತಕ್ಕ ನೆರವು ಕೊಟ್ಟಿದೆಯಾ ಎಂದೂ ಒಮ್ಮೆ ಅಲ್ಲಿಯೇ ಕೂತು ಮಾತಾಡಿ ಎಂದೆ.

ಎರಡು ವಾರದ ನಂತರ ಇಬ್ಬರೂ ಬಂದರು. ಮೊದಲ ದಿನ ಅವಳು ಅಲ್ಲೂ ಒಬ್ಬಳೇ ಊಟ ಮಾಡಿದ್ದಳು. ಎರಡನೇ ದಿನ, ಮಾತೇ ಆಡದ ಒಬ್ಬ ಹುಡುಗ ಬೆಂಚಿನ ಮೇಲಿದ್ದ ತನ್ನ ಬ್ಯಾಗನ್ನು ಕೆಳಗಿಟ್ಟು ಜಾಗ ಮಾಡಿಕೊಟ್ಟನಂತೆ. ತಾಯಿ ಇನ್ನೂ ತೀರ್ಮಾನಕ್ಕೆ ಬಂದಿರಲಿಲ್ಲ. ಮತ್ತೆ ಒಂದು ವಾರ ಕಳಿಸಿ ನೋಡುತ್ತೇನೆ ಎಂದರು. ಹುಡುಗಿ ಮಾತ್ರ ಆ ಬೆಂಚು ಎಲ್ಲಿದೆ ಎಂದು ನನಗೆ ಚಿತ್ರ ಬರೆದು ತೋರಿಸಿದಳು.