ಮಂಗಳೂರಲ್ಲಿ ಕಾನೂನು ನೆರವಿಗೆ ಇಷ್ಟು ಜನ ಯಾಕೆ ಬರುತ್ತಾರೆ?

ಇಷ್ಟು ಜನ ಯಾಕೆ ಬರುತ್ತಾರೆ, ನಾನು ಏನು ಮಾಡಬಹುದು ಅಂತ ನೀವು ಕೇಳಿದಿರಿ. ಮೊದಲ ಪ್ರಶ್ನೆಯನ್ನು ಇಲ್ಲಿನವರೇ ಎಷ್ಟೋ ಜನ ಕೇಳುತ್ತಾರೆ. ಮಂಗಳೂರು, ಉಡುಪಿ ಅಂದರೆ ಓದಿದವರ ಊರು, ಐದು ದೊಡ್ಡ ಬ್ಯಾಂಕುಗಳು ಹುಟ್ಟಿದ ನೆಲ, ಅಲ್ಲಿ ಉಚಿತ ಕಾನೂನು ಕೇಂದ್ರಕ್ಕೆ ಎಂತ ಕೆಲಸ? ಸರ್ಕಾರವೇ ಉಚಿತವಾಗಿ ವಕೀಲರನ್ನು ಕೊಡುತ್ತದಲ್ಲ? ನಾನು ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಿಂದ ನಡೆದು ಹೋಗುವಷ್ಟು ಹತ್ತಿರದ ಒಂದು ಪುಟ್ಟ ಕೇಂದ್ರದಲ್ಲಿ ವಾರಕ್ಕೆ ಎರಡು ದಿನ ಕೂರುತ್ತೇನೆ. ವಕೀಲೆ ಅಲ್ಲ, ಅರ್ಜಿ ಬರೆದುಕೊಡುವವಳು. ಹೋದ ವರ್ಷ ಇಡೀ ಅಲ್ಲಿ ಕಂಡದ್ದನ್ನು ಹೇಳುತ್ತೇನೆ, ಆಮೇಲೆ ನೀವೇ ನೋಡಿ.

ಮೊದಲು ಸರ್ಕಾರದ ವ್ಯವಸ್ಥೆ. ಅದು ನಿಜಕ್ಕೂ ಒಳ್ಳೆಯದು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ 1995ರ ನವೆಂಬರ್ 9ರಂದು ಜಾರಿಗೆ ಬಂತು. ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕಾರ್ಖಾನೆ ಕಾರ್ಮಿಕರು, ಜೈಲಿನಲ್ಲಿರುವವರು, ಇವರಿಗೆಲ್ಲ ಆದಾಯ ಎಷ್ಟೇ ಇರಲಿ ವಕೀಲರು ಉಚಿತ. ಉಳಿದವರಿಗೆ ಕರ್ನಾಟಕದಲ್ಲಿ ವರ್ಷದ ಆದಾಯ 3 ಲಕ್ಷ ರೂಪಾಯಿ ಒಳಗಿರಬೇಕು. 15100ಕ್ಕೆ ಫೋನ್ ಮಾಡಿದರೂ ದಾರಿ ಹೇಳುತ್ತಾರೆ. ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಕಟ್ಟಿದ ಕೋರ್ಟ್ ಶುಲ್ಕ ವಾಪಸ್ ಬರುತ್ತದೆ, ಮೇಲ್ಮನವಿಯ ತಲೆಬಿಸಿಯೂ ಇಲ್ಲ. ನಾವು ಎಷ್ಟೋ ಜನರನ್ನು ಕೈಹಿಡಿದು ಅಲ್ಲಿಗೇ ಕರೆದುಕೊಂಡು ಹೋಗುತ್ತೇವೆ.

ಆದರೆ ಅಲ್ಲಿಗೆ ಹೋಗಿ ನಿಂತವರು ತಮಗೆ ಏನಾಗಿದೆ, ಏನು ಬೇಕು ಅಂತ ಹೇಳಬೇಕಲ್ವಾ? ಅಲ್ಲೇ ಕಷ್ಟ ಶುರು. ನಮ್ಮಲ್ಲಿ ಮನೆಯ ಮಾತು ತುಳು, ಇಲ್ಲದಿದ್ದರೆ ಕೊಂಕಣಿ, ಬ್ಯಾರಿ. ಕುಂದಾಪುರದ ಕಡೆಯವರು ಕುಂದಗನ್ನಡ ಆಡುತ್ತಾರೆ. ಕೋರ್ಟಿನ ಕಾಗದದಲ್ಲಿ ಮಾತ್ರ ವಾದಿ, ಪ್ರತಿವಾದಿ, ತಕರಾರು, ಹಾಜರಿ. ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ ಯಾರಾದರೂ ಒಬ್ಬ ಅಮ್ಮ ತೊಟ್ಟೆ ಹಿಡಿದು ಮೆಟ್ಟಿಲ ಮೇಲೆ ಕೂತಿರುತ್ತಾರೆ (ತೊಟ್ಟೆ ಅಂದರೆ ನಿಮ್ಮ ಕಡೆಯ ಪ್ಲಾಸ್ಟಿಕ್ ಕವರ್). "ನೋಟೀಸ್ ಬೈದ್ಂಡ್" ಅನ್ನುತ್ತಾರೆ. ಯಾರಿಂದ ಬಂತು ಅಂತ ಕೇಳಿದರೆ "ಎಂಕ್ ಗೊತ್ತುಜ್ಜಿ". ತೊಟ್ಟೆ ಬಿಚ್ಚಿದರೆ ಮೂವತ್ತು ವರ್ಷದ ಕಾಗದ ಒಟ್ಟಿಗೆ ಇರುತ್ತದೆ: ರೇಷನ್ ಕಾರ್ಡು, ಗಂಡನ ಮರಣ ಪತ್ರ, ತೀರುವೆ ರಸೀದಿ, ಯಾರದ್ದೋ ಮದುವೆ ಕಾಗದ. ಎಲ್ಲವನ್ನೂ ಮೇಜಿನ ಮೇಲೆ ಹರಡಿ, ಅವರ ಭಾಷೆಯಲ್ಲೇ ಕೇಳಿ, ಯಾವುದು ಬೇಕು ಯಾವುದು ಬೇಡ ಅಂತ ವಿಂಗಡಿಸುವಷ್ಟರಲ್ಲಿ ಮಧ್ಯಾಹ್ನ ಆಗಿಹೋಗುತ್ತದೆ. ಈ ಕೆಲಸಕ್ಕೆ ಯಾವ ಕಾಯ್ದೆಯಲ್ಲೂ ಹೆಸರಿಲ್ಲ, ಅದಕ್ಕಾಗಿಯೇ ಯಾರೂ ದುಡ್ಡು ಕೊಡುವುದಿಲ್ಲ ಅಂತ ನನಗೆ ಅನಿಸುತ್ತದೆ.

ಇನ್ನು ಗಡಿಯ ವಿಷಯ. ಕಾಸರಗೋಡು 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿತು. ಅದರ ಹಿಂದಿನ ದಿನದವರೆಗೂ ಅದು ನಮ್ಮದೇ ದಕ್ಷಿಣ ಕನ್ನಡ ಜಿಲ್ಲೆಯ ಭಾಗ. ಚಂದ್ರಗಿರಿ ಹೊಳೆಯ ಉತ್ತರಕ್ಕಿರುವ ಭಾಗ ಮೈಸೂರಿಗೆ ಸೇರಬೇಕು ಅಂತ 1967ರಲ್ಲಿ ಮಹಾಜನ ಆಯೋಗ ಹೇಳಿತು, ಆದರೆ ಸೇರಲಿಲ್ಲ. ನಕ್ಷೆಯಲ್ಲಿ ಗೆರೆ ಬಿತ್ತು, ಸಂಬಂಧಗಳಿಗೆ ಬೀಳಲಿಲ್ಲ. ಮಂಜೇಶ್ವರ, ಉಪ್ಪಳ, ಕುಂಬಳೆಯಿಂದ ಹೆಣ್ಣು ತರುವುದು, ಅಲ್ಲಿಗೆ ಕೊಡುವುದು ಈಗಲೂ ಮಾಮೂಲು. ಹೆರಿಗೆಗೂ ಆಸ್ಪತ್ರೆಗೂ ಅಲ್ಲಿನವರು ಬರುವುದು ಮಂಗಳೂರಿಗೆ. 2020ರ ಮಾರ್ಚ್‌ನಲ್ಲಿ ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದರಲ್ಲ, ಆಗ ಮಂಗಳೂರಿನ ಆಸ್ಪತ್ರೆಗೆ ತಲುಪಲಾಗದೆ ಆ ಕಡೆಯ ರೋಗಿಗಳು ತೀರಿಕೊಂಡರು. ಹೊರಗಿನವರಿಗೆ ಅದು ಒಂದು ದಿನದ ಸುದ್ದಿ. ನಮಗೆ ಅವರು ನೆಂಟರು.

ಹೋದ ವರ್ಷ ಮಂಜೇಶ್ವರದ ಕಡೆಯ ಒಬ್ಬ ಹುಡುಗಿ ಬಂದಳು. ಗಂಡನ ಮನೆ ಇಲ್ಲಿ, ತವರು ಅಲ್ಲಿ. ಹೊಡೆತ ತಾಳಲಾರದೆ ಮಗುವನ್ನು ಎತ್ತಿಕೊಂಡು ತವರಿಗೆ ಹೋಗಿದ್ದಳು. ಈ ಕಡೆಯ ಪೊಲೀಸರು "ನೀನು ಈಗ ಇರುವುದು ಆ ರಾಜ್ಯದಲ್ಲಿ" ಅಂದರಂತೆ, ಆ ಕಡೆಯ ಪೊಲೀಸರು "ಆದದ್ದು ಈ ರಾಜ್ಯದಲ್ಲಿ ಅಲ್ವಲ್ಲ" ಅಂದರಂತೆ. ಎರಡು ತಿಂಗಳು ಗಡಿಯ ತಲಪಾಡಿ ಬಸ್ಸಿನಲ್ಲೇ ಕಳೆಯಿತು. ಕಾನೂನಿನಲ್ಲಿ ಇದಕ್ಕೆ ಸ್ಪಷ್ಟ ಉತ್ತರ ಇದೆ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಪ್ರಕಾರ ಹೆಂಗಸು ತಾತ್ಕಾಲಿಕವಾಗಿ ಇರುವ ಊರಿನ ಕೋರ್ಟಿನಲ್ಲೂ ಅರ್ಜಿ ಹಾಕಬಹುದು. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಕ್ರಿಮಿನಲ್ ಕಾನೂನಿನಲ್ಲಿ, ಗಂಭೀರ ಅಪರಾಧ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ದೂರು ದಾಖಲಿಸಲೇಬೇಕು ಅಂತ ಬರೆದೇ ಇದೆ. ಅವಳಿಗೆ ಬೇಕಿದ್ದದ್ದು ಇಷ್ಟನ್ನು ಒಂದು ಹಾಳೆಯಲ್ಲಿ ಬರೆದುಕೊಡುವವರು ಮತ್ತು ಜೊತೆಗೆ ಠಾಣೆಯವರೆಗೆ ಬರುವ ಒಬ್ಬರು. ನಮ್ಮ ಕೇಂದ್ರದ ಹುಡುಗಿ ಹೋದಳು. ಬಸ್ ಚಾರ್ಜು, ಒಂದು ದಿನದ ಊಟ, ಅಷ್ಟೇ ಖರ್ಚು. ಆ ಮಗುವಿಗೆ ಈಗ ಜೀವನಾಂಶ ಬರುತ್ತಿದೆ.

ಜಮೀನಿನ ಕಥೆ ಬೇರೆ. ಕಾಸರಗೋಡು ಕಡೆಯ ಜಾಗಗಳಿಗೆ 1956ಕ್ಕಿಂತ ಮುಂಚಿನ ಪಾಲುಪಟ್ಟಿಗಳು ಕನ್ನಡದಲ್ಲಿವೆ. ಅದೇ ಜಾಗಕ್ಕೆ ಇವತ್ತು ಬರುವ ನೋಟೀಸು ಮಲಯಾಳಂನಲ್ಲಿ. ಅಜ್ಜನಿಗೆ ಮಲಯಾಳಂ ಓದಲು ಬರುವುದಿಲ್ಲ, ಕಚೇರಿಯ ಹೊಸ ಗುಮಾಸ್ತರಿಗೆ ಹಳೆಗಾಲದ ಕನ್ನಡ ಬರಹ ಓದಲು ಬರುವುದಿಲ್ಲ. ಗಡಿಯ ಈ ಕಡೆ ಕುಮ್ಕಿ ಅಂತ ಇನ್ನೊಂದು ಇದೆ, ಘಟ್ಟದ ಮೇಲಿನವರಿಗೆ ಗೊತ್ತೇ ಇರುವುದಿಲ್ಲ. ಹಳೆಯ ವರ್ಗ ಜಾಗದ (ಅಂದರೆ ಮನೆಯವರ ಸ್ವಂತ ಪಟ್ಟಾ ಜಮೀನಿನ) ಗಡಿಯಿಂದ 100 ಗಜದೊಳಗಿನ ಸರ್ಕಾರಿ ಜಾಗದಲ್ಲಿ ಸೊಪ್ಪು, ಸೌದೆ ತೆಗೆಯುವ ಹಕ್ಕು ಅದು. ಜಾಗ ಸರ್ಕಾರದ್ದು, ಅನುಭವ ಮನೆಯವರದ್ದು. ಯಾರಾದರೂ ಆ ಜಾಗ ತಮಗೆ ಕೊಡಿ ಅಂತ ಸರ್ಕಾರಕ್ಕೆ ದರ್ಖಾಸ್ತು ಹಾಕಿದರೆ ಎರಡು ಮನೆಗಳ ನಡುವೆ ಮಾತು ನಿಂತುಹೋಗುತ್ತದೆ.

ಇಂಥ ಜಗಳದಲ್ಲಿ ನಮ್ಮವರು ಮೊದಲು ನೆನೆಯುವುದು ಕೋರ್ಟನ್ನಲ್ಲ, ಕಾನತ್ತೂರನ್ನು. ಕಾಸರಗೋಡು ಜಿಲ್ಲೆಯಲ್ಲಿ ನಾಲ್ವರ್ ದೈವಗಳ ಸ್ಥಾನ ಇದೆ. ಸಾಲ ವಾಪಸ್ ಕೊಡದವರು, ಪಾಲು ಕೊಡದ ಅಣ್ಣತಮ್ಮಂದಿರು, ಎಲ್ಲರ ವಿಷಯವೂ ಅಲ್ಲಿ ಮಾತಾಗುತ್ತದೆ. "ಕಾನತ್ತೂರಿಗೆ ಹೇಳುತ್ತೇನೆ" ಅಂದರೆ ಸಾಕು, ಎಷ್ಟೋ ಜನ ಮೆತ್ತಗಾಗುತ್ತಾರೆ. ನಾನು ಅದನ್ನು ಗೌರವದಿಂದ ನೋಡುತ್ತೇನೆ. ದೈವದ ಎದುರು ಒಪ್ಪಿ ಬಂದ ಅಣ್ಣತಮ್ಮಂದಿರು ನಮ್ಮಲ್ಲಿಗೂ ಬರುತ್ತಾರೆ, ಯಾಕೆಂದರೆ ಪಹಣಿಯಲ್ಲಿ ಹೆಸರು ಬರಬೇಕಾದರೆ ಆ ಮಾತನ್ನು ಕಾಗದದಲ್ಲಿ ಬರೆದು ನೋಂದಣಿ ಮಾಡಿಸಬೇಕು. ಅಂಥ ದಿನ ಕೇಂದ್ರದಲ್ಲಿ ಎಲ್ಲರ ಮುಖದಲ್ಲೂ ಸಮಾಧಾನ ಇರುತ್ತದೆ. ನನಗೆ ತುಂಬ ಇಷ್ಟದ ಕೆಲಸ ಅದು.

ಜಾಸ್ತಿ ಬರುವವರು ಬೀಡಿ ಕಟ್ಟಿದ ಅಮ್ಮಂದಿರು. ಈ ಎರಡು ಜಿಲ್ಲೆಗಳಲ್ಲಿ ಎಷ್ಟು ಮನೆಗಳ ಅನ್ನ, ಎಷ್ಟು ಮಕ್ಕಳ ಫೀಸು ಆ ಸೂಪಿನಿಂದ (ಬೀಡಿ ಕಟ್ಟುವಾಗ ಮಡಿಲಲ್ಲಿಡುವ ಮೊರ) ಬಂದಿದೆ ಅಂತ ಹೇಳಿ ಮುಗಿಯದು, ಮಾರಾಯ್ರೆ. ಇಪ್ಪತ್ತು, ಮೂವತ್ತು ವರ್ಷ ಬೀಡಿ ಕಟ್ಟಿ ಬ್ರಾಂಚಿಗೆ (ಕಂಪನಿಯವರು ಬೀಡಿ ತೆಗೆದುಕೊಳ್ಳುವ ಜಾಗ) ಹಾಕಿದ್ದಾರೆ, ಪಿಎಫ್ ಕಡಿತವಾಗಿದೆ. ಈಗ ದುಡ್ಡು ತೆಗೆಯಲು ಹೋದರೆ ಹೆಸರು ಹೊಂದುವುದಿಲ್ಲ. ಬ್ರಾಂಚಿನ ಪುಸ್ತಕದಲ್ಲಿ 'ಗಿರಿಜಾ', ಆಧಾರ್‌ನಲ್ಲಿ 'ಗಿರಿಜ ಪೂಜಾರ್ತಿ', ರೇಷನ್ ಕಾರ್ಡಿನಲ್ಲಿ ಇನ್ನೊಂದು. ಹುಟ್ಟಿದ ತಾರೀಕು ಮೂರು ಕಡೆ ಮೂರು. ಪಿಂಚಣಿ ಅಂತ ಸಿಗುವುದಾದರೂ ಎಷ್ಟು? 2014ರಲ್ಲಿ ನಿಗದಿಯಾದ ಕನಿಷ್ಠ ಮೊತ್ತ ತಿಂಗಳಿಗೆ 1000 ರೂಪಾಯಿ. ಅದಕ್ಕೂ ಅಫಿಡವಿಟ್ ಬೇಕು. ಮುಂಚೆ ಅಫಿಡವಿಟ್‌ಗೆ 20 ರೂಪಾಯಿಯ ಛಾಪಾ ಕಾಗದ ಸಾಕಿತ್ತು, ಈಗ 100. ಮೇಲೆ ನೋಟರಿ, ಝೆರಾಕ್ಸ್, ಫೋಟೋ, ನಾಲ್ಕು ಸಲ ಬಸ್ಸು. ಈ ಖರ್ಚನ್ನು ನಾವು ಅವರಿಂದ ತೆಗೆದುಕೊಳ್ಳುವುದಿಲ್ಲ. ಕೇಂದ್ರದ ಖರ್ಚಿನಲ್ಲಿ ದೊಡ್ಡ ಪಾಲು ಹೋಗುವುದು ಇಲ್ಲಿಗೇ.

ಹಿರಿಯರ ವಿಷಯ ಹೇಳುವಾಗ ನನಗೆ ಈಗಲೂ ಸಂಕಟವಾಗುತ್ತದೆ. ಮಕ್ಕಳು ಗಲ್ಫಿನಲ್ಲಿ, ಮುಂಬೈಯಲ್ಲಿ, ಬೆಂಗಳೂರಿನಲ್ಲಿ. ಪ್ರೀತಿಯಿಂದ ಮನೆ, ತೋಟ ದಾನಪತ್ರ ಮಾಡಿಕೊಟ್ಟ ಮೇಲೆ ಫೋನು ಬರುವುದು ಕಡಿಮೆಯಾಗುತ್ತದೆ. 2007ರ ಹಿರಿಯ ನಾಗರಿಕರ ಕಾಯ್ದೆಯಲ್ಲಿ ಉಪವಿಭಾಗಾಧಿಕಾರಿಯ ಮುಂದೆ ದೂರು ಕೊಡಬಹುದು, ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶಕ್ಕೆ ಆದೇಶ ಆಗಬಹುದು. ನೋಡಿಕೊಳ್ಳಬೇಕು ಎಂಬ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು, ನೋಡಿಕೊಳ್ಳದಿದ್ದರೆ, 23ನೇ ಕಲಂ ಕೆಳಗೆ ವಾಪಸ್ ಪಡೆಯಲೂಬಹುದು. ಅದಕ್ಕೇ ನಾವು ಕಂಡಕಂಡ ಕಡೆ ಹೇಳುವುದು: ದಾನಪತ್ರ ಬರೆಸುವ ಮೊದಲು ಬನ್ನಿ, ಆ ಒಂದು ಸಾಲು ಸೇರಿಸಿ. ಈ ದೂರಿನಲ್ಲಿ ವಕೀಲರು ವಾದ ಮಾಡುವ ಹಾಗಿಲ್ಲ ಅಂತ ಕಾಯ್ದೆಯೇ ಹೇಳುತ್ತದೆ. ಅಂದರೆ ಎಂಬತ್ತು ವರ್ಷದ ಅಜ್ಜಿ ತಾನೇ ನಿಂತು ಮಗನ ಎದುರು ಮಾತಾಡಬೇಕು. ಹಿಂದಿನ ದಿನ ಅವರ ಜೊತೆ ಕೂತು, ಏನು ಹೇಳಬೇಕು ಅಂತ ಧೈರ್ಯ ಕೊಡದಿದ್ದರೆ ಅವರು ಅಲ್ಲಿ ಹೋಗಿ ಹೇಳುವುದು ಒಂದೇ ಮಾತು, "ನನ್ನ ಮಗ ಒಳ್ಳೆಯವನೇ".

ಈಗ ದುಡ್ಡಿನ ಮಾತು. ಮುಂಚೆ ನಮಗೆ ಬೆಂಗಳೂರಿನ ಒಂದು ದೊಡ್ಡ ಸಂಸ್ಥೆಯ ಮೂಲಕ ಹಣ ಬರುತ್ತಿತ್ತು, ಅದರ ಮೂಲ ವಿದೇಶಿ ದೇಣಿಗೆ. 2020ರಲ್ಲಿ ವಿದೇಶಿ ದೇಣಿಗೆ ಕಾಯ್ದೆಗೆ ತಿದ್ದುಪಡಿ ಬಂದು, ಒಂದು ಸಂಸ್ಥೆ ಇನ್ನೊಂದಕ್ಕೆ ಆ ಹಣ ದಾಟಿಸುವುದು ನಿಂತಿತು. ಆಡಳಿತ ವೆಚ್ಚದ ಮಿತಿಯೂ ಶೇಕಡಾ 50ರಿಂದ 20ಕ್ಕೆ ಇಳಿಯಿತು. ನಮ್ಮಂಥ ಸಣ್ಣವರಿಗೆ ಬಾಗಿಲು ಅಲ್ಲಿಗೇ ಮುಚ್ಚಿತು. ಗಲ್ಫಿನಲ್ಲಿರುವ ನಮ್ಮವರು ಕೊಡುವುದಕ್ಕೆ ಅಡ್ಡಿ ಇಲ್ಲ, ಭಾರತದ ಪಾಸ್‌ಪೋರ್ಟ್ ಇದ್ದವರು ತಮ್ಮ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಅಲ್ಲ. ಕೆನಡಾಕ್ಕೆ ಹೋಗಿ ಅಲ್ಲಿನ ಪೌರತ್ವ ಪಡೆದವರು ಎಷ್ಟೇ ಮನಸ್ಸಿದ್ದರೂ ನಮಗೆ ಕೊಡುವ ಹಾಗಿಲ್ಲ. ಇದನ್ನು ಫೋನಿನಲ್ಲಿ ವಿವರಿಸುವಾಗ ಅವರಿಗೂ ಬೇಸರ, ನಮಗೂ ಬೇಸರ.

ದೊಡ್ಡ ಕಂಪನಿಗಳು ಲಾಭದ ಶೇಕಡಾ 2ರಷ್ಟು ಸಮಾಜಕ್ಕೆ ಖರ್ಚು ಮಾಡಬೇಕಲ್ಲ ಅಂತ ನೀವು ಕೇಳಬಹುದು. ಕೇಳಿಕೊಂಡು ಹೋಗಿದ್ದೇವೆ. ಶಾಲೆಯ ಕೊಠಡಿಯಾದರೆ ಫೋಟೋ ತೆಗೆಯಬಹುದು, ಆಂಬುಲೆನ್ಸ್ ಆದರೆ ಹೆಸರು ಬರೆಸಬಹುದು. ಹೊಡೆಸಿಕೊಂಡ ಹುಡುಗಿಯ ಫೋಟೋ ನಾವು ಕೊಡಲಾರೆವು, ಕೊಡಲೂಬಾರದು. "ಎಷ್ಟು ಕೇಸು ಗೆದ್ದಿರಿ" ಅಂತ ಕೇಳುತ್ತಾರೆ. ಪಿಎಫ್ ಪುಸ್ತಕದಲ್ಲಿ ಹೆಸರು ಸರಿಯಾದದ್ದು ಕೇಸೇ ಅಲ್ಲ, ಲೆಕ್ಕಕ್ಕೆ ಬರುವುದಿಲ್ಲ. ಹಿಂದೆ ಇನ್ನಷ್ಟು ಬ್ಯಾಂಕುಗಳ ಪ್ರಧಾನ ಕಚೇರಿ ನಮ್ಮ ಕಡೆಯಲ್ಲೇ ಇದ್ದಾಗ ಹೋಗಿ ಮಾತಾಡಲು ಒಂದು ಜಾಗ ಇತ್ತು. 2020ರ ಏಪ್ರಿಲ್‌ನಲ್ಲಿ ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೆ, ಸಿಂಡಿಕೇಟ್ ಬ್ಯಾಂಕ್ ಕೆನರಾಕ್ಕೆ ಸೇರಿದವು. ಊರಿನ ಜನ ಕೈಬಿಚ್ಚಿ ಕೊಡುವವರೇ. ಬ್ರಹ್ಮಕಲಶಕ್ಕೆ, ಉರೂಸಿಗೆ, ಚರ್ಚ್ ಹಬ್ಬಕ್ಕೆ, ಯಕ್ಷಗಾನ ಬಯಲಾಟಕ್ಕೆ, ಯಾರಿಗೋ ಆಪರೇಷನ್ ಅಂದರೆ ಒಂದೇ ದಿನದಲ್ಲಿ ಹಣ ಸೇರುತ್ತದೆ. ಕಾನೂನು ನೆರವು ಅಂದಾಗ ಮಾತ್ರ "ಕೋರ್ಟಿಗೆ ಹೋಗಿ ಅಂತ ಯಾಕೆ ಹೇಳಿಕೊಡುತ್ತೀರಿ" ಅಂತ ಹಿಂದೆ ಸರಿಯುತ್ತಾರೆ.

ಈಗ ನಮ್ಮನ್ನು ನಡೆಸುತ್ತಿರುವವರು ಕೆಲವು ನಿವೃತ್ತ ಬ್ಯಾಂಕ್ ನೌಕರರು, ಇಬ್ಬರು ವಕೀಲರು, ರಜೆಯಲ್ಲಿ ಬಂದು ಸಂಬಳವಿಲ್ಲದೆ ದುಡಿದು ಹೋಗುವ ಕಾನೂನು ಕಾಲೇಜಿನ ಮಕ್ಕಳು. ಬಾಡಿಗೆ ಹೇಗೋ ಹೊಂದಿಸುತ್ತೇವೆ. ಹೊಂದಿಸಲು ಆಗದೆ ಹೋದದ್ದು ಸಂಬಳ. ಮಂಜೇಶ್ವರದವಳ ಜೊತೆ ಠಾಣೆಗೆ ಹೋದಳು ಅಂದೆನಲ್ಲ, ಆ ಹುಡುಗಿ ವರ್ಷದ ಕೊನೆಯಲ್ಲಿ ಬಿಟ್ಟು ಹೋದಳು. ಬ್ಯಾರಿ, ತುಳು, ಮಲಯಾಳಂ, ಕನ್ನಡ ನಾಲ್ಕೂ ಬಲ್ಲವಳು. ಮೂರು ತಿಂಗಳ ಸಂಬಳ ಬಾಕಿ ಇತ್ತು, ಮನೆಯಲ್ಲಿ ತಮ್ಮನ ಓದು ಇತ್ತು, ತಪ್ಪು ಅವಳದ್ದಲ್ಲ. ಅವಳ ಮೇಜಿನ ಮೇಲೆ ಈಗ ಮಲಯಾಳಂ ನೋಟೀಸುಗಳ ಒಂದು ಕಟ್ಟು ಕೂತಿದೆ. ಪ್ರತಿಯೊಂದಕ್ಕೂ ವಾಯಿದೆ ಇದೆ.

ಆದ್ದರಿಂದ ಕೊನೆಗೆ ನೀವು ಕೇಳಿದ "ನಾನು ಏನು ಮಾಡಬಹುದು" ಎಂಬುದಕ್ಕೆ ನನ್ನ ಉತ್ತರ ಇಷ್ಟೇ. ನಿಮ್ಮ ಪರಿಚಯದಲ್ಲಿ ಮಲಯಾಳಂ ಓದಿ ಕನ್ನಡದಲ್ಲಿ ಬರೆದುಕೊಡಬಲ್ಲವರು ಯಾರಾದರೂ ಇದ್ದರೆ ಹೇಳಿ. ಶನಿವಾರ ಮಧ್ಯಾಹ್ನ ಎರಡು ಗಂಟೆ ಕೊಟ್ಟರೂ ಸಾಕು. ಫೋನಿನಲ್ಲಿ ಫೋಟೋ ಕಳಿಸುತ್ತೇವೆ, ಅವರು ಇಲ್ಲಿಯವರೆಗೆ ಬರಬೇಕೆಂದೂ ಇಲ್ಲ.