ತಲಪಾಡಿ ಗಡಿಯ ಫೋನ್ ಬಿಲ್ಲು

ಫೋನ್ ಕರೆ ಮಾಡಿಯೇ ಇಂಟರ್‌ನೆಟ್ ಸೇರಬೇಕಿದ್ದ ಡಯಲ್-ಅಪ್ ಕಾಲದಲ್ಲಿ, ಕೇರಳದ ಗಡಿಯ ಮಂಜೇಶ್ವರದ ಮನೆಗಳಿಗೆ ಎಸ್‌ಟಿಡಿ, ಅಂದರೆ ಹೊರ ಊರಿನ ದುಬಾರಿ ಕರೆಯ, ಬಿಲ್ಲು ಏಕೆ ಬರುತ್ತಿತ್ತು, ಅದಕ್ಕೆ ಹೊಣೆ ಯಾರು ಎಂದು ಕೇಳಿದ್ದೀರಿ.

ನಮ್ಮ ಕೋಡ್ 04998, ಮಂಗಳೂರಿನದು 0824. ನಡುವೆ ಇಪ್ಪತ್ತು ಕಿಲೋಮೀಟರಿನ ಆಸುಪಾಸು ಅಷ್ಟೆ. ಕಾಲೇಜು, ಆಸ್ಪತ್ರೆ, ಮದುವೆಯ ಜವಳಿ ಎಲ್ಲದಕ್ಕೂ ನಾವು ತಲಪಾಡಿಯ ರಾಜ್ಯ ಗಡಿ ದಾಟುವವರು. ಕಂಪ್ಯೂಟರ್ ತಂದದ್ದೂ ಅಲ್ಲಿಂದಲೇ. ಅಂಗಡಿಯ ಹುಡುಗ ಕಂಪ್ಯೂಟರನ್ನು ಫೋನ್ ತಂತಿಗೆ ಸೇರಿಸುವ ಮೋಡೆಮ್ ಜೋಡಿಸುವಾಗ ತನಗೆ ಬಾಯಿಪಾಠವಿದ್ದ ಮಂಗಳೂರಿನ ಇಂಟರ್‌ನೆಟ್ ಸಂಖ್ಯೆಗೆ 0824 ಸೇರಿಸಿ ತುಂಬಿಸಿಬಿಟ್ಟರೆ ಕೆಲಸ ಕೆಟ್ಟಿತು. ಮೋಡೆಮ್ ಮಾಡುವುದು ಮಾಮೂಲಿ ಫೋನ್ ಕರೆಯನ್ನೇ. ನೀವು ಪರದೆಯ ಮೇಲೆ ಮಗನ ಪತ್ರ ಓದುತ್ತಾ ಸುಮ್ಮನೆ ಕುಳಿತಿದ್ದರೂ ಎಕ್ಸ್‌ಚೇಂಜಿನ ಮೀಟರು ಎಸ್‌ಟಿಡಿ ವೇಗದಲ್ಲಿ ಓಡುತ್ತಿತ್ತು. ಸಂಗತಿ ತಿಳಿಯುತ್ತಿದ್ದುದು ಬಿಲ್ಲು ಬಂದಾಗಲೇ.

ಕರೆ ನಿಮ್ಮ ಸಂಪರ್ಕದಿಂದ ಹೋಗಿದೆ, ಹಣ ನೀವೇ ಕಟ್ಟಿ ಎನ್ನುವುದು ದೂರವಾಣಿ ಕಚೇರಿಯ ನಿಲುವಾಗಿತ್ತು. ಅದನ್ನು ನಾನು ಒಪ್ಪುತ್ತೇನೆ. ಸಂಖ್ಯೆ ಒತ್ತಿದ್ದು ಮನುಷ್ಯನೋ ಮೋಡೆಮೋ ಎಂಬುದು ಎಕ್ಸ್‌ಚೇಂಜಿಗೆ ತಿಳಿಯುವುದಿಲ್ಲ; ಎಸ್‌ಟಿಡಿಗೆ ಲಾಕ್ ಹಾಕಿಕೊಳ್ಳುವ ಸೌಲಭ್ಯವೂ ಇತ್ತು. ಆದರೆ ಕಂಪ್ಯೂಟರನ್ನೇ ಮೊದಲ ಸಲ ಕಂಡ ಮನೆಯವರನ್ನು ಅಂಗಡಿಯವನು ಎಚ್ಚರಿಸಬೇಕಿತ್ತು. ಎಚ್ಚರಿಸದಿದ್ದರೆ ಆ ಬಿಲ್ಲಿನಲ್ಲಿ ಅವನ ಪಾಲೂ ಇರಬೇಕು. ತಿಳಿದವನ ಹೊಣೆ ತಿಳಿಯದವನಿಗಿಂತ ಹೆಚ್ಚು.

ಮೊಬೈಲ್ ಬಂದ ಮೇಲೆ ನಡೆದದ್ದು ನನ್ನನ್ನು ಇಂದಿಗೂ ಕೆರಳಿಸುತ್ತದೆ. ಮೊಬೈಲ್ ಕಂಪನಿಗಳ ಲೆಕ್ಕದಲ್ಲಿ ನಾವು ಕೇರಳ ವಲಯದವರು, ತಲಪಾಡಿಯಿಂದಾಚೆ ಕರ್ನಾಟಕ ವಲಯ. ಗಡಿಗೆ ಹತ್ತಿರದ ಮನೆಯ ಜಗಲಿಯಲ್ಲಿ ಕುಳಿತಿದ್ದಂತೆಯೇ ಫೋನು ಆಚೆಯ ಟವರನ್ನು ಹಿಡಿದುಬಿಡುತ್ತಿತ್ತು. ಬಂದ ಕರೆ ಎತ್ತಿಕೊಂಡದ್ದಕ್ಕೂ ರೋಮಿಂಗ್ ಶುಲ್ಕ, ಅಂದರೆ ಬೇರೆ ವಲಯದಲ್ಲಿ ಫೋನು ಬಳಸಿದ್ದಕ್ಕೆ ಹೆಚ್ಚುವರಿ ಹಣ. 2007ರಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಅದಕ್ಕೆ ನಿಮಿಷಕ್ಕೆ 1.75 ರೂಪಾಯಿಯ ಮಿತಿ ಹಾಕಿತು. 2013ರಲ್ಲಿ ಅದು 75 ಪೈಸೆಗೆ, 2015ರಲ್ಲಿ 45 ಪೈಸೆಗೆ ಇಳಿಯಿತು. ಇಲ್ಲಿ ತಪ್ಪು ಸಂಖ್ಯೆ ಯಾರೂ ಒತ್ತಿರಲಿಲ್ಲ, ಗಡಿಯನ್ನೂ ದಾಟಿರಲಿಲ್ಲ. ನೆಟ್‌ವರ್ಕನ್ನು ಕೈಯಿಂದಲೇ ಆರಿಸಿಕೊಳ್ಳಬಹುದಿತ್ತು, ನಿಜ. ಸೆಟ್ಟಿಂಗ್ ಒಳಗೆ ಹೊಕ್ಕು ಅದನ್ನು ಬದಲಿಸುವುದು ಎಷ್ಟು ಜನ ಅಜ್ಜಿಯರಿಗೆ ಸಾಧ್ಯ?

ಟವರು ಎಲ್ಲಿದೆ, ಅದರ ಸಿಗ್ನಲ್ ಯಾರ ಅಂಗಳಕ್ಕೆ ಬೀಳುತ್ತದೆ ಎಂಬುದು ಕಂಪನಿಗೆ ಗೊತ್ತಿತ್ತು. ಆದ್ದರಿಂದ ಆ ಹಣದ ಹೊಣೆ ಪೂರ್ತಿಯಾಗಿ ಕಂಪನಿಯದೇ ಆಗಬೇಕಿತ್ತು. 2015ರ ಜೂನ್‌ನಲ್ಲಿ ಬಿಎಸ್‌ಎನ್‌ಎಲ್ ರೋಮಿಂಗ್‌ನಲ್ಲಿ ಒಳಬರುವ ಕರೆಗಳನ್ನು ದೇಶಕ್ಕೆಲ್ಲ ಉಚಿತ ಮಾಡಿತು. ಗಡಿಯ ಕೆಲವೇ ಟವರುಗಳ ಮಟ್ಟಿಗಾದರೂ ಆ ವಿನಾಯಿತಿ ನಮಗೆ ಮೊದಲೇ ಸಿಗಬೇಕಿತ್ತು.